ನ್ಯೂಟ್ರೋಫಿಲ್ ಪ್ರಯೋಗ: ಡಿಎನ್‌ಎ ಬಲೆಗಳೇ ಕಾಣುತ್ತಿಲ್ಲ, ನೆರವು ಬೇಕು

ಪ್ರಶ್ನೆ
ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾವನ್ನು ಹಿಡಿಯಲು ತಮ್ಮ ಡಿಎನ್‌ಎಯನ್ನೇ ಎಳೆಗಳ ಬಲೆಯಾಗಿ ಹೊರಚೆಲ್ಲುವುದನ್ನು ನೋಡಬೇಕಿದೆ. ಮಾನವ ರಕ್ತದಿಂದ ಬೇರ್ಪಡಿಸಿದ ನ್ಯೂಟ್ರೋಫಿಲ್‌ಗಳಿಗೆ ಅವನ್ನು ಕೆರಳಿಸುವ ರಾಸಾಯನಿಕವಾದ ಪಿಎಂಎಯನ್ನು 50 ನ್ಯಾನೋಮೋಲಾರ್ ಹಾಕಿ, 37 ಡಿಗ್ರಿಯಲ್ಲಿ 4 ಗಂಟೆ ಇಟ್ಟು, ತೊಳೆದು, ಸ್ಥಿರೀಕರಿಸಿ, ಡಿಎನ್‌ಎಯನ್ನು ನೀಲಿಯಾಗಿ ಹೊಳೆಯಿಸುವ ಡ್ಯಾಪಿ ಬಣ್ಣ ಹಾಕಿ ನೋಡುತ್ತಿದ್ದೇನೆ. 2 ಗಂಟೆಗೆ ತೆಗೆದ ಕವರ್‌ಸ್ಲಿಪ್‌ನಲ್ಲಿ ಕೋಶಕೇಂದ್ರದ ಹಾಲೆಗಳು ಒಂದಾಗಿ ಉಬ್ಬಿರುವುದು ಚೆನ್ನಾಗಿ ಕಾಣುತ್ತದೆ. 4 ಗಂಟೆಯದರಲ್ಲಿ ಮಾತ್ರ ಎಳೆಗಳಿರಬೇಕಾದ ಕಡೆ ಮಸುಕಾದ ನೀಲಿ ಮಚ್ಚೆಗಳಷ್ಟೇ ಉಳಿದಿರುತ್ತವೆ. ಕೋಶಗಳನ್ನಿಟ್ಟ ಪೋಷಕ ದ್ರವ, ಅಂದರೆ ಮಾಧ್ಯಮ, ಆರ್‌ಪಿಎಂಐ, ಜೊತೆಗೆ 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದ ಶೇ. 10 ದನದ ಭ್ರೂಣದ ಸೀರಮ್. ಮೂರು ಸಲವೂ ಇದೇ ಫಲಿತಾಂಶ ಬಂದಿದೆ. ಪಿಎಂಎ ಕೆಟ್ಟಿರಬಹುದೇ?

ಉತ್ತರ
ಪಿಎಂಎಯನ್ನು ದೂರಬೇಡಿ. ಅದು ಪ್ರೋಟೀನ್ ಕೈನೇಸ್ ಸಿ ಮೂಲಕ ನ್ಯಾಡ್‌ಪಿಎಚ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಎಚ್ಚರಿಸಿ, ಅಲ್ಲಿ ಹುಟ್ಟಿದ ಆಕ್ಸಿಡೆಂಟುಗಳ ಪ್ರಭಾವದಿಂದ ಎಲಾಸ್ಟೇಸ್ ಎಂಬ ಇನ್ನೊಂದು ಕಿಣ್ವ ಕೋಶಕೇಂದ್ರಕ್ಕೆ ಹೋಗಿ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳನ್ನು ಕತ್ತರಿಸಿದ ಮೇಲೆಯೇ ಕೋಶಕೇಂದ್ರ ಹೀಗೆ ಉಬ್ಬುವುದು. ನಿಮ್ಮಲ್ಲಿ ಅಷ್ಟೂ ನಡೆದಿದೆ. ಹಾಗಾಗಿ ಬಲೆ ಹುಟ್ಟುತ್ತಿದೆ, ಆಮೇಲೆ ಹರಿದುಹೋಗುತ್ತಿದೆ ಎಂಬುದೇ ನನ್ನ ಅನುಮಾನ.

ಮೊದಲ ಶಂಕೆ ಸೀರಮ್ ಮೇಲೆ. ಕೆಲಸ ಮುಗಿಸಿದ ಬಲೆಗಳನ್ನು ತೆರವುಗೊಳಿಸುವ, ಡಿಎನ್‌ಎಯನ್ನು ಕತ್ತರಿಸುವ ಡಿಎನ್‌ಏಸ್ ಕಿಣ್ವ ರಕ್ತದ ಸೀರಮ್‌ನಲ್ಲಿಯೇ ಇರುತ್ತದೆ. 56 ಡಿಗ್ರಿಯ ಕಾಯಿಸುವಿಕೆ ಸೀರಮ್‌ನ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನ್‌ಗಳನ್ನು ನಿಷ್ಕ್ರಿಯಗೊಳಿಸುತ್ತದೆಯೇ ಹೊರತು ಈ ಕಿಣ್ವವನ್ನು ಪೂರ್ತಿ ಅಳಿಸುವುದಿಲ್ಲ. ಸ್ಟ್ರೆಪ್ಟೋಕಾಕಸ್ ಪಯೋಜೆನಿಸ್ ಬ್ಯಾಕ್ಟೀರಿಯಾ ತಾನು ಸಿಕ್ಕಿಬಿದ್ದ ಬಲೆಯಿಂದ ಪಾರಾಗಲು ಸ್ರವಿಸುವುದೂ ಡಿಎನ್‌ಏಸನ್ನೇ, ಅಂದರೆ ಅದರ ಅಸ್ತ್ರವನ್ನೇ ನೀವು ಅರಿಯದೆ ತಟ್ಟೆಗೆ ಸುರಿಯುತ್ತಿದ್ದೀರಿ. ಸೀರಮ್ ಇಲ್ಲದೆ ಮಾಡಿ ನೋಡಿ.

ಎರಡನೆಯದು ತೊಳೆಯುವಿಕೆ. 2004ರಲ್ಲಿ ಬರ್ಲಿನ್‌ನ ತಂಡ ಈ ಬಲೆಗಳನ್ನು ಮೊದಲು ವರ್ಣಿಸಿದಾಗ ಎಳೆಗಳ ನಯವಾದ ಭಾಗ 15ರಿಂದ 17 ನ್ಯಾನೋಮೀಟರ್ ದಪ್ಪವಷ್ಟೇ ಎಂದು ಕಂಡಿತ್ತು. ಪಿಪೆಟ್ಟಿನ ಒಂದು ಸೆಳೆತಕ್ಕೆ ಅವು ಕಿತ್ತು ಬರುತ್ತವೆ. ಮಾಧ್ಯಮವನ್ನು ಹೀರದೆ, ಸ್ಥಿರೀಕರಿಸುವ ಪ್ಯಾರಾಫಾರ್ಮಾಲ್ಡಿಹೈಡನ್ನು ತಟ್ಟೆಯ ಗುಂಡಿಯ ಅಂಚಿನಿಂದ ಹನಿಹನಿಯಾಗಿ ಇಳಿಸಿ.

ಪ್ರಶ್ನಿಸಿದವರಿಂದ
ಎರಡನ್ನೂ ಬದಲಿಸಿದೆ. ಒಂದು ಕೋಶದಿಂದ ಹೊರಟ ಎಳೆ ಪಕ್ಕದ ನಾಲ್ಕೈದು ಕೋಶಗಳನ್ನು ದಾಟಿ ಹರಡಿದ್ದನ್ನು ನೋಡಿ ಬಹಳ ಸಂತೋಷವಾಯಿತು. ಆದರೆ ಪಿಎಂಎ ಹಾಕದ ಗುಂಡಿಯಲ್ಲಿಯೂ ಅಲ್ಲಲ್ಲಿ ಎಳೆಗಳಿವೆ.

ಉತ್ತರ
ಬೇರ್ಪಡಿಸುವಾಗಲೇ ಕೋಶಗಳು ಕೆರಳಿರಬೇಕು. ರಕ್ತ ತೆಗೆದ ಕೂಡಲೇ ಕೆಲಸ ಆರಂಭಿಸಿ, ಜೋರಾಗಿ ಅಲುಗಿಸುವ ವೋರ್ಟೆಕ್ಸ್ ಯಂತ್ರ ಬಳಸಬೇಡಿ, ಕೆಂಪು ರಕ್ತಕಣಗಳನ್ನು ಒಡೆಯುವ ಹಂತವನ್ನು ಆದಷ್ಟು ಚುಟುಕಾಗಿಸಿ. ಡ್ಯಾಪಿ ಯಾವ ಡಿಎನ್‌ಎಯನ್ನಾದರೂ ಬೆಳಗುತ್ತದೆ. ಎಲಾಸ್ಟೇಸನ್ನು ಗುರುತಿಸುವ ಪ್ರತಿಕಾಯವೂ ಅದೇ ಎಳೆಯ ಮೇಲೆ ಕಂಡರಷ್ಟೇ ಅದನ್ನು ಬಲೆಯೆಂದು ಎಣಿಸಿ. ಇನ್ನೊಂದು ಗುಂಡಿಗೆ ಬೇಕೆಂದೇ ಡಿಎನ್‌ಏಸ್ ಹಾಕಿ, ಅಲ್ಲಿ ಎಳೆಗಳು ಮಾಯವಾಗುತ್ತವೆಯೇ ಎಂದೂ ನೋಡಿ ತಿಳಿಸಿ.