ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ಕಾಲು ಪಾಲು: ಮಗನಿಗೆ ಹಣ ಕೊಡಬಹುದೇ?

ಪ್ರಶ್ನೆ: ನಿವೃತ್ತ ಬ್ಯಾಂಕ್ ಅಧಿಕಾರಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ವಿಮಾನದ ವಿಷಯ ಬಲ್ಲವರು ಈ ಬಳಗದಲ್ಲಿ ಕೆಲವರಿದ್ದಾರೆಂದು ತಿಳಿದು, ನಮ್ಮ ಮನೆಯಲ್ಲಿ ಎರಡು ವಾರದಿಂದ ನಡೆಯುತ್ತಿರುವ ಮಾತನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ನನ್ನ ಮಗ ಅಮೆರಿಕದ ಓಹಾಯೋ ರಾಜ್ಯದಲ್ಲಿ ಎಂಜಿನಿಯರ್. ಮೂರು ವರ್ಷದ ಹಿಂದೆ ಅಲ್ಲಿಯೇ ಖಾಸಗಿ ಪೈಲಟ್ ಲೈಸೆನ್ಸ್ ಪಡೆದು, ಈವರೆಗೆ ಸುಮಾರು 140 ಗಂಟೆ ಹಾರಿದ್ದಾನೆ. ಅಷ್ಟೂ ಬಾಡಿಗೆಯ ಸೆಸ್ನಾ 172ರಲ್ಲಿ. ಅವನ ಊರಿನ ಸಣ್ಣ ವಿಮಾನ ನಿಲ್ದಾಣದಲ್ಲಿ ನಾಲ್ವರು ಒಂದು ಕಂಪನಿ ಮಾಡಿಕೊಂಡು ಆರ್‌ವಿ-9ಎ ಎಂಬ ಎರಡು ಸೀಟಿನ ವಿಮಾನವನ್ನು ಇಟ್ಟುಕೊಂಡಿದ್ದಾರೆ. ಅವರಲ್ಲಿ ಒಬ್ಬರು, ಆ ವಿಮಾನವನ್ನು ತಮ್ಮ ಮನೆಯ ಗ್ಯಾರೇಜಿನಲ್ಲಿ ಏಳು ವರ್ಷ ಶ್ರಮಿಸಿ ಕಟ್ಟಿದ ಹಿರಿಯರು, ವಯಸ್ಸಾಯಿತೆಂದು ಹಾರಾಟ ನಿಲ್ಲಿಸಿ ತಮ್ಮ ಕಾಲು ಪಾಲನ್ನು 22,000 ಡಾಲರಿಗೆ ಮಾರುತ್ತಿದ್ದಾರೆ. ನಮ್ಮ ಲೆಕ್ಕದಲ್ಲಿ ಅದು ಹತ್ತೊಂಬತ್ತು ಲಕ್ಷ ರೂಪಾಯಿಯ ಆಸುಪಾಸು. ಅರ್ಧದಷ್ಟು ಅವನ ಬಳಿ ಇದೆ. ಉಳಿದದ್ದನ್ನು ನನ್ನ ನಿವೃತ್ತಿಯ ಠೇವಣಿಯಿಂದ ಕೊಡುವಿರಾ ಎಂದು ಕೇಳಿದ್ದಾನೆ.

ಅವನು ಕಳುಹಿಸಿದ ವಿವರ ಹೀಗಿದೆ. ವಿಮಾನ ಮೊದಲು ಹಾರಿದ್ದು 2009ರಲ್ಲಿ. ಎಂಜಿನ್ ಲೈಕಮಿಂಗ್ ಓ-320, ಹೊಸದಾಗಿ ಕೂರಿಸಿದ್ದು, ಈಗ 1,640 ಗಂಟೆ ಓಡಿದೆ. ಪ್ರತಿ ಸದಸ್ಯ ತಿಂಗಳಿಗೆ 160 ಡಾಲರ್, ಹಾರಿದ ಪ್ರತಿ ಗಂಟೆಗೆ ಇಂಧನ ಸೇರಿ 75 ಡಾಲರ್ ಕೊಡಬೇಕು. ಮುಂದೆ ಎಂಜಿನ್ ರಿಪೇರಿಗೆಂದು ಕೂಡಿಟ್ಟ ನಿಧಿಯಲ್ಲಿ 2,400 ಡಾಲರ್ ಇದೆ. ಬಾಡಿಗೆ ವಿಮಾನಕ್ಕೆ ಅವನು ಈಗ ಗಂಟೆಗೆ 180 ಡಾಲರ್ ಕೊಡುತ್ತಿದ್ದಾನೆ. ಕಳೆದ ವರ್ಷ 26 ಗಂಟೆ ಹಾರಿದ್ದಾನೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಹಣವಲ್ಲ. ಆ ವಿಮಾನದ ಒಳಗೆ ದೊಡ್ಡ ಅಕ್ಷರಗಳಲ್ಲಿ ‘ಎಕ್ಸ್‌ಪೆರಿಮೆಂಟಲ್’ ಎಂದು ಬರೆದಿರುವ ಚಿತ್ರವನ್ನು ಅವನೇ ಕಳುಹಿಸಿದ್ದಾನೆ. ನಮ್ಮ ಸೀಮೆಯವರಿಗೆ ಪ್ರಯೋಗದ ವಿಮಾನವೆಂದರೆ ಚಳ್ಳಕೆರೆಯ ಡಿಆರ್‌ಡಿಓ ಪರೀಕ್ಷಾ ಕೇಂದ್ರ ನೆನಪಾಗುತ್ತದೆ, ಜೊತೆಗೆ 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲಕ್ಕೆ ಬಿದ್ದ ತಪಸ್ ಡ್ರೋನ್ ನೆನಪಾಗುತ್ತದೆ. ಅದರಲ್ಲಿ ಮನುಷ್ಯರಿರಲಿಲ್ಲ, ಇದರಲ್ಲಿ ನನ್ನ ಮಗ ಕೂರುತ್ತಾನೆ. ಅವನ ತಾಯಿಗೆ ನಾನು ಏನು ಉತ್ತರ ಹೇಳಲಿ? ದಯವಿಟ್ಟು ತಿಳಿದವರು ಬರೆಯಿರಿ.

ಉತ್ತರ 1: ಮೂಲತಃ ಹರಿಹರ, ಈಗ ಇಂಡಿಯಾನಾ

ಹಿರಿಯರೇ, ನಾನು ಇಂಥದೇ ಒಂದು ವಿಮಾನದಲ್ಲಿ ಆರು ವರ್ಷದಿಂದ ಮೂರನೇ ಒಂದು ಪಾಲು ಇಟ್ಟುಕೊಂಡಿದ್ದೇನೆ, ಆದ್ದರಿಂದ ತುಸು ವಿವರವಾಗಿಯೇ ಬರೆಯುತ್ತೇನೆ.

ಮೊದಲು ಆ ಪದದ ಬಗ್ಗೆ. ಅಮೆರಿಕದ ವಾಯುಯಾನ ಇಲಾಖೆಯಾದ ಎಫ್‌ಎಎ ವಿಮಾನಗಳಿಗೆ ಕೊಡುವ ಪ್ರಮಾಣಪತ್ರಗಳಲ್ಲಿ ‘ಎಕ್ಸ್‌ಪೆರಿಮೆಂಟಲ್’ ಎಂಬುದು ಒಂದು ವರ್ಗದ ಹೆಸರು. ಕಾರ್ಖಾನೆಯ ಬದಲು ಹವ್ಯಾಸಿಗಳು ತಮ್ಮ ಕಲಿಕೆಗಾಗಿ, ಸಂತೋಷಕ್ಕಾಗಿ ಕೆಲಸದ ಹೆಚ್ಚಿನ ಪಾಲನ್ನು ಕೈಯಾರೆ ಮಾಡಿ ಕಟ್ಟಿದ ವಿಮಾನ ಈ ವರ್ಗಕ್ಕೆ ಸೇರುತ್ತದೆ. ಹೊಸದಾಗಿ ಕಟ್ಟಿದ ಮೇಲೆ ಸಾಮಾನ್ಯವಾಗಿ 25 ಅಥವಾ 40 ಗಂಟೆ, ಗೊತ್ತುಪಡಿಸಿದ ಪ್ರದೇಶದಲ್ಲಿ ಮಾತ್ರ, ಪರೀಕ್ಷಾ ಹಾರಾಟ ಮಾಡಬೇಕು. ತಾವು ಹೇಳಿದ ವಿಮಾನ ಆ ಹಂತ ದಾಟಿ ಎಷ್ಟೋ ಕಾಲವಾಗಿದೆ. ಅದರ ವಿನ್ಯಾಸ ಮಾಡಿದ ವ್ಯಾನ್ಸ್ ಕಂಪನಿ 1973ರಿಂದ ಕಿಟ್‌ಗಳನ್ನು, ಅಂದರೆ ಜೋಡಿಸಿ ಕಟ್ಟಲು ಬೇಕಾದ ಬಿಡಿಭಾಗಗಳನ್ನು, ಕೊಡುತ್ತಿದೆ, ಅದರ ಸಾವಿರಾರು ವಿಮಾನಗಳು ಹಾರುತ್ತಿವೆ. ಹಾಗೆಂದು ಭಯಕ್ಕೆ ಕಾರಣವೇ ಇಲ್ಲ ಎನ್ನಲಾರೆ. ಅಲ್ಲಿನ ಅಪಘಾತ ತನಿಖಾ ಮಂಡಳಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ವರ್ಷ ಅಪಘಾತಕ್ಕೀಡಾದ ಈ ವರ್ಗದ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಕಟ್ಟಿದವರಿಂದ ಬೇರೆಯವರು ಕೊಂಡವು. ಕಟ್ಟಿದವನಿಗೆ ಪ್ರತಿ ತಂತಿಯೂ ಗೊತ್ತಿರುತ್ತದೆ, ಕೊಂಡವನಿಗೆ ಗೊತ್ತಿರುವುದಿಲ್ಲ. ಅಲ್ಲದೆ ಸೆಸ್ನಾ ಅಭ್ಯಾಸವಾದ ಕೈಗೆ ಆರ್‌ವಿಯನ್ನು ತಿರುಗಿಸುವ ಹಿಡಿಕೆ (ಸ್ಟಿಕ್) ಬಹಳ ಸೂಕ್ಷ್ಮವಾಗಿ ಸಿಗುತ್ತದೆ. ಆದ್ದರಿಂದ ಆ ಮಾದರಿಯನ್ನು ಚೆನ್ನಾಗಿ ಬಲ್ಲ ಬೋಧಕರ ಬಳಿ ಕೆಲವು ಗಂಟೆ ತರಬೇತಿ ಪಡೆಯದೆ ನಿಮ್ಮ ಮಗ ಒಬ್ಬನೇ ಹಾರಕೂಡದು. ವಿಮಾ ಕಂಪನಿಯೂ ಬಹುಶಃ ಅದನ್ನೇ ಕೇಳುತ್ತದೆ.

ಎರಡನೆಯದು ಮಾರುತ್ತಿರುವವರ ಬಗ್ಗೆ. ಕಟ್ಟಿದವರೇ ಹೊರಹೋಗುತ್ತಿದ್ದಾರೆ ಎಂಬ ಸಂಗತಿಯನ್ನು ತಾವು ಸಹಜವಾಗಿ ಬರೆದಿದ್ದೀರಿ, ಆದರೆ ನನ್ನ ಪ್ರಕಾರ ಇಡೀ ವ್ಯವಹಾರದ ಕೀಲು ಅಲ್ಲಿದೆ. ಇಂಥ ವಿಮಾನಕ್ಕೆ ಹನ್ನೆರಡು ತಿಂಗಳಿಗೊಮ್ಮೆ ತಪಾಸಣೆಯಾಗಿ ಸಹಿ ಬೀಳಬೇಕು. ಮುಖ್ಯವಾಗಿ ಕಟ್ಟಿದ ವ್ಯಕ್ತಿ ಎಫ್‌ಎಎಯಿಂದ ರಿಪೇರಿಗಾರನ ಪ್ರಮಾಣಪತ್ರ ಪಡೆದಿದ್ದರೆ ಆ ಸಹಿಯನ್ನು ಅವರೇ ಹಾಕಬಹುದು; ಆದರೆ ಆ ಪ್ರಮಾಣಪತ್ರ ವ್ಯಕ್ತಿಗೆ ಸೇರಿದ್ದು, ಪಾಲಿನ ಜೊತೆ ಕೈ ಬದಲಾಗುವುದಿಲ್ಲ. ಇಷ್ಟು ವರ್ಷ ತಪಾಸಣೆ ಬಿಟ್ಟಿಯಾಗಿ ನಡೆದಿದ್ದರೆ ತಿಂಗಳ 160 ಡಾಲರಿನಲ್ಲಿ ಅದರ ವೆಚ್ಚ ಸೇರಿರಲಾರದು. ಹಿರಿಯರು ಮುಂದೆಯೂ ಬಂದು ಸಹಿ ಹಾಕುತ್ತಾರೆಯೇ, ಇಲ್ಲದಿದ್ದರೆ ಯಾವ ಮೆಕ್ಯಾನಿಕ್ ಒಪ್ಪಿದ್ದಾರೆ ಎಂದು ಮಗ ಬರವಣಿಗೆಯಲ್ಲಿ ಕೇಳಲಿ.

ಇನ್ನು ಲೆಕ್ಕ. ವರ್ಷಕ್ಕೆ 60 ಗಂಟೆ ಹಾರುವವನಿಗೆ ಬಾಡಿಗೆ 10,800 ಡಾಲರ್ ಆದರೆ ಪಾಲಿನಲ್ಲಿ 6,420 ಆಗುತ್ತದೆ, ಅದು ಒಳ್ಳೆಯ ಉಳಿತಾಯ. ಆದರೆ ನಿಮ್ಮ ಮಗ ಹಾರಿದ್ದು 26 ಗಂಟೆ. ಅಷ್ಟಕ್ಕೆ ಬಾಡಿಗೆ 4,680, ಪಾಲಿನಲ್ಲಿ 3,870. ಉಳಿಯುವುದು 810 ಡಾಲರ್, ಅದೂ 22,000 ಡಾಲರ್ ಒಂದೆಡೆ ಕಟ್ಟಿಹಾಕಿದ ಮೇಲೆ. ಸ್ವಂತ ಪಾಲಿದ್ದರೆ ಹೆಚ್ಚು ಹಾರುತ್ತೇನೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದ್ದೆ. ಮೊದಲ ವರ್ಷ ಅದು ನಿಜವಾಯಿತು. ಮಗು ಹುಟ್ಟಿದ ವರ್ಷ ನಾನು ಹಾರಿದ್ದು ಹನ್ನೊಂದು ಗಂಟೆ. ನಿಮ್ಮ ಮಗನಿಗೆ ಮದುವೆಯಾಗಿ ಮಕ್ಕಳಿದ್ದರೆ, ಎರಡೇ ಸೀಟಿನ ವಿಮಾನದಲ್ಲಿ ಮನೆಯವರೆಲ್ಲ ಒಟ್ಟಿಗೆ ಎಲ್ಲಿಗೂ ಹೋಗಲಾಗದು ಎಂಬುದನ್ನೂ ಮನಸ್ಸಿನಲ್ಲಿಡಿ.

ಕೊನೆಗೆ ಒಂದು ಮಾತು. ನಿಮ್ಮ ಮಗ ಅಮೆರಿಕದ ಪ್ರಜೆಯೇ, ಗ್ರೀನ್ ಕಾರ್ಡ್ ಇದೆಯೇ, ಕೆಲಸದ ವೀಸಾದಲ್ಲಿದ್ದಾನೆಯೇ? ವಿಮಾನವು ಆ ನಾಲ್ವರ ಕಂಪನಿಯ ಹೆಸರಿನಲ್ಲಿ ನೋಂದಣಿಯಾಗಿದ್ದರೆ, ಆ ಕಂಪನಿ ಅಮೆರಿಕದ್ದೆಂದು ಪರಿಗಣಿತವಾಗಲು ಮತಾಧಿಕಾರದ ಕನಿಷ್ಠ ಶೇಕಡ 75 ಭಾಗ ಅಲ್ಲಿನ ಪ್ರಜೆಗಳ ಕೈಯಲ್ಲಿರಬೇಕು. ಒಬ್ಬ ವಿದೇಶಿಯ ಕಾಲು ಪಾಲು ಸರಿಯಾಗಿ ಆ ಅಂಚಿನಲ್ಲಿ ನಿಲ್ಲುತ್ತದೆ. ಈ ಲೆಕ್ಕಕ್ಕೆ ಗ್ರೀನ್ ಕಾರ್ಡ್ ಇದ್ದವರೂ ಪ್ರಜೆಗಳಲ್ಲ.

ಉತ್ತರ 2: ನಿವೃತ್ತ ವಾಯುಪಡೆ ತಂತ್ರಜ್ಞ, ಚಿತ್ರದುರ್ಗ

ನಾನು ಎಚ್‌ಪಿಟಿ-32 ದೀಪಕ್ ತರಬೇತಿ ವಿಮಾನಗಳ ಮೇಲೆ ಹಲವು ವರ್ಷ ಕೆಲಸ ಮಾಡಿದವನು. ಅದರಲ್ಲಿದ್ದದ್ದೂ ಲೈಕಮಿಂಗ್ ಎಂಜಿನ್, ಇದಕ್ಕಿಂತ ದೊಡ್ಡದು. ಹಾಗಾಗಿ ಎಂಜಿನ್ ಬಗ್ಗೆ ಮಾತ್ರ ಬರೆಯುತ್ತೇನೆ.

ಓ-320ಕ್ಕೆ ತಯಾರಕರು ಹೇಳುವ ಓವರ್‌ಹಾಲ್ (ಎಂಜಿನ್ನನ್ನು ಪೂರ್ತಿ ಬಿಚ್ಚಿ ಸರಿಪಡಿಸುವುದು) ಅವಧಿ 2,000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಈ ಎಂಜಿನ್ ವರ್ಷದ ಗಡಿಯನ್ನು ಆಗಲೇ ದಾಟಿದೆ, ಗಂಟೆಯಲ್ಲಿ 360 ಉಳಿದಿದೆ. ಅಮೆರಿಕದಲ್ಲಿ ಖಾಸಗಿಯಾಗಿ ಹಾರಿಸುವವರಿಗೆ ಈ ಗಡಿ ಕಡ್ಡಾಯವಲ್ಲ, ಸ್ಥಿತಿ ನೋಡಿಕೊಂಡು ಮುಂದುವರಿಸಬಹುದು. ನಾಲ್ವರೂ ವರ್ಷಕ್ಕೆ ತಲಾ 40 ಗಂಟೆ ಹಾರಿದರೂ ಎರಡು ವರ್ಷ ಕಳೆದು ಮೂರು ತಿಂಗಳಲ್ಲಿ ಆ 360 ಗಂಟೆ ಮುಗಿಯುತ್ತದೆ. ಓವರ್‌ಹಾಲ್‌ಗೆ 30,000 ಡಾಲರ್ ಎಂದು ಹಿಡಿದರೆ ಗಂಟೆಗೆ 15 ಡಾಲರಿನಂತೆ ನಿಧಿಯಲ್ಲಿ ಈ ಹೊತ್ತಿಗೆ 24,600 ಇರಬೇಕಿತ್ತು. ಇರುವುದು 2,400. ಅಂದರೆ ಹಳೆಯ ಸದಸ್ಯರು ಓಡಿಸಿ ಸವೆಸಿದ್ದಕ್ಕೆ ಹೊಸದಾಗಿ ಬಂದವನೂ ಕಾಲು ಭಾಗ ತೆರುವಂತಾಗುತ್ತದೆ. ಆ ಭಾಗ ಸುಮಾರು 5,550 ಡಾಲರ್. ಇಡೀ ವಿಮಾನಕ್ಕೆ 88,000 ಎಂದು ಬೆಲೆ ಕಟ್ಟುವಾಗ ಈ ಎಂಜಿನ್ನಿನ ವಯಸ್ಸನ್ನು ಕಳೆದಿದ್ದಾರೆಯೇ ಎಂದು ಕೇಳಿ. ಕಳೆಯದಿದ್ದರೆ 16,500ರ ಆಸುಪಾಸು ನ್ಯಾಯವಾದ ಬೆಲೆ.

ಗಂಟೆಗಿಂತ ಹೆಚ್ಚಾಗಿ ನಾನು ನೋಡುವುದು ಲಾಗ್ ಪುಸ್ತಕದಲ್ಲಿ ವಿಮಾನ ನಿಂತಿದ್ದ ಕಾಲವನ್ನು. ಲೈಕಮಿಂಗ್‌ನಲ್ಲಿ ವಾಲ್ವ್‌ಗಳನ್ನು ತೆರೆಯುವ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಮೇಲ್ಭಾಗದಲ್ಲಿರುತ್ತದೆ. ಎಂಜಿನ್ ವಾರಗಟ್ಟಲೆ ನಿಂತರೆ ಎಣ್ಣೆಯೆಲ್ಲ ಕೆಳಗಿಳಿದು ಕ್ಯಾಮ್ ಒಣಗುತ್ತದೆ, ತೇವಕ್ಕೆ ತುಕ್ಕು ಹಿಡಿಯುತ್ತದೆ, ಮತ್ತೆ ಓಡಿಸಿದಾಗ ಆ ತುಕ್ಕು ಲೋಹವನ್ನು ಕೊರೆಯುತ್ತದೆ. ಹಿಂಗಾರಿನಲ್ಲಿ ನಿಲ್ಲಿಸಿದ ಪಂಪ್‌ಸೆಟ್ಟನ್ನು ಬೇಸಿಗೆಯಲ್ಲಿ ಚಾಲೂ ಮಾಡಿದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಒಂದು ವಿಷಯದಲ್ಲಿ ಪಾಲಿನ ವಿಮಾನ ಒಬ್ಬನದೇ ವಿಮಾನಕ್ಕಿಂತ ಮೇಲು, ಯಾರಾದರೊಬ್ಬರು ವಾರವಾರ ಹಾರಿಸುತ್ತಿರುತ್ತಾರೆ.

ಹಣ ಕೊಡುವ ಮುಂಚೆ ಗುಂಪಿಗೆ ಸಂಬಂಧವಿಲ್ಲದ, ಆರ್‌ವಿಗಳನ್ನು ಬಲ್ಲ ಮೆಕ್ಯಾನಿಕ್ ಒಬ್ಬರಿಂದ ತಪಾಸಣೆ ಮಾಡಿಸಲಿ. ಸಿಲಿಂಡರ್‌ಗಳ ಕಂಪ್ರೆಷನ್ ಅಳೆದು, ಬೋರ್‌ಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ವಾಲ್ವ್ ನೋಡಿ, ಎಣ್ಣೆಯ ಫಿಲ್ಟರನ್ನು ಕತ್ತರಿಸಿ ಲೋಹದ ಚೂರಿದೆಯೇ ಎಂದು ನೋಡಬೇಕು. ‘9ಎ’ಯಲ್ಲಿ ಮೂಗಿನ ಚಕ್ರದ ಕಂಬ ಒರಟು ಹುಲ್ಲಿನ ನೆಲದಲ್ಲಿ ಬಾಗುವ ಅಪಾಯವಿರುವುದರಿಂದ ಅದನ್ನೂ ನೋಡಬೇಕು. ಕಟ್ಟುವಾಗ ತೆಗೆದ ಚಿತ್ರಗಳನ್ನು ಹಿರಿಯರು ಇಟ್ಟುಕೊಂಡಿದ್ದರೆ ಅವುಗಳ ಪ್ರತಿ ಕೇಳಿ. ರೆಕ್ಕೆಯ ಒಳಗಿನ ರಿವೆಟ್‌ಗಳನ್ನು ಈಗ ಬಿಚ್ಚಿ ನೋಡಲಾಗದು, ಚಿತ್ರದಲ್ಲಿ ಕಾಣುತ್ತವೆ. 2023ರಲ್ಲಿ ವ್ಯಾನ್ಸ್ ಕಂಪನಿಯ, ಲೇಸರ್‌ನಿಂದ ಕತ್ತರಿಸಿದ ಕೆಲವು ಭಾಗಗಳಲ್ಲಿ ಬಿರುಕಿನ ಸಮಸ್ಯೆ ಕಂಡಿತ್ತು. 2009ರ ವಿಮಾನಕ್ಕೆ ಅದು ತಟ್ಟದು, ಆದರೂ ಇತ್ತೀಚೆಗೆ ಯಾವುದಾದರೂ ಭಾಗ ಬದಲಿಸಿದ್ದರೆ ಯಾವ ವರ್ಷದ್ದೆಂದು ವಿಚಾರಿಸಲಿ.

ಉತ್ತರ 3: ಅಡಿಕೆ ಬೆಳೆಗಾರ, ಚನ್ನಗಿರಿ

ವಿಮಾನದ ಬಗ್ಗೆ ನನಗೇನೂ ತಿಳಿಯದು. ಆದರೆ ನಾವು ನಾಲ್ಕು ಮನೆಯವರು ಸೇರಿ ಅಡಿಕೆ ಸುಲಿಯುವ ಯಂತ್ರ ಕೊಂಡು ಒಂಬತ್ತು ವರ್ಷ ನಡೆಸಿದ ಅನುಭವವಿದೆ. ಜಗಳವಾದದ್ದು ಎರಡೇ ವಿಷಯಕ್ಕೆ: ಯಾರ ಸರದಿಯಲ್ಲಿ ಕೆಟ್ಟಿತೋ ಅವರೇ ರಿಪೇರಿ ಮಾಡಿಸಬೇಕೇ ಎಂಬುದು, ಒಬ್ಬರು ಬಿಟ್ಟುಹೋಗುವಾಗ ಅವರ ಪಾಲಿಗೆ ಯಾವ ಬೆಲೆ ಎಂಬುದು. ಎರಡನ್ನೂ ನಾವು ಮೊದಲೇ ಬರೆದಿಟ್ಟಿರಲಿಲ್ಲ. ಅಣ್ಣತಮ್ಮಂದಿರಂತಿದ್ದ ಎರಡು ಮನೆಯವರು ಇಂದಿಗೂ ಸರಿಯಾಗಿ ಮಾತನಾಡುವುದಿಲ್ಲ, ಅದು ನನಗೆ ಬಹಳ ನೋವಿನ ವಿಷಯ. ವಿಮೆ ಕೊಡದ ಮೊದಲ ಮೊತ್ತವನ್ನು ಯಾರು ಭರಿಸಬೇಕು, ಒಬ್ಬ ಸದಸ್ಯ ತೀರಿಕೊಂಡರೆ ಪಾಲು ಯಾರಿಗೆ, ದೊಡ್ಡ ಖರ್ಚಿಗೆ ಎಷ್ಟು ಮಂದಿ ಒಪ್ಪಬೇಕು ಎಂಬುದು ಅವರ ಕರಾರಿನಲ್ಲಿದೆಯೇ ಎಂದು ನಿಮ್ಮ ಮಗ ಓದಿ ಹೇಳಲಿ. ಆ ಉಳಿದ ಮೂವರ ಜೊತೆ ಒಂದು ದಿನ ಕುಳಿತು ಊಟ ಮಾಡಿ ಬರಲಿ ಎಂಬುದೂ ನನ್ನ ಸಲಹೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ತಮ್ಮ ಉತ್ತರಗಳನ್ನು ಮಗನಿಗೆ ಓದಿ ಹೇಳಿದೆ. ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದ. ಅವನು ಕೆಲಸದ ವೀಸಾದಲ್ಲಿದ್ದಾನೆ. ವಿಚಾರಿಸಿದಾಗ ಉಳಿಯುವ ಮೂವರಲ್ಲಿ ಇಬ್ಬರು ಮಾತ್ರ ಪ್ರಜೆಗಳು, ಮೂರನೆಯವರು ಗ್ರೀನ್ ಕಾರ್ಡ್ ಇರುವ ಕೆನಡಾದವರು ಎಂದು ತಿಳಿಯಿತು. ಹರಿಹರದವರು ಎಚ್ಚರಿಸದಿದ್ದರೆ ನಮ್ಮ ಹಣ ಹೋದ ಮೇಲೆ ನೋಂದಣಿಯೇ ಪ್ರಶ್ನೆಗೆ ಒಳಗಾಗುತ್ತಿತ್ತು. ಹಿರಿಯರು ಮಾತ್ರ ಸಜ್ಜನರು. ಇನ್ನೆರಡು ವರ್ಷ ತಪಾಸಣೆಗೆ ತಾವೇ ಸಹಿ ಹಾಕುವುದಾಗಿಯೂ, ಎಂಜಿನ್ ಲೆಕ್ಕ ನೋಡಿ ಬೆಲೆಯನ್ನು 17,500ಕ್ಕೆ ಇಳಿಸುವುದಾಗಿಯೂ ಹೇಳಿದ್ದಾರೆ.

ಉತ್ತರ 1ರವರಿಂದ ಮತ್ತೊಮ್ಮೆ

ಆ ಹಿರಿಯರು ಹಾಗೆ ಹೇಳಿದ್ದು ಕೇಳಿ ಸಂತೋಷವಾಯಿತು. ನೋಂದಣಿಗೆ ಇನ್ನೊಂದು ದಾರಿ ಇದೆ. ಪ್ರಜೆಗಳದ್ದಲ್ಲದ ಕಂಪನಿಯೂ ಅಮೆರಿಕದ ಕಾನೂನಿನಡಿ ಸ್ಥಾಪನೆಯಾಗಿ ಅಲ್ಲಿಯೇ ವ್ಯವಹಾರ ನಡೆಸುತ್ತಿದ್ದು, ವಿಮಾನ ಅಲ್ಲಿಯೇ ನೆಲೆಸಿ ಹಾರಾಟದ ಶೇಕಡ 60ರಷ್ಟಾದರೂ ಅಮೆರಿಕದೊಳಗೆ ನಡೆಯುವುದಾದರೆ ನೋಂದಣಿಗೆ ಅವಕಾಶವಿದೆ. ಆರು ತಿಂಗಳಿಗೊಮ್ಮೆ ಹಾರಿದ ಗಂಟೆಗಳ ವರದಿ ಒಪ್ಪಿಸಬೇಕಾಗುತ್ತದೆ. ವಾಯುಯಾನ ಕಾನೂನು ಬಲ್ಲ ವಕೀಲರೊಬ್ಬರು ಆ ಕಾಗದಗಳನ್ನು ನೋಡಿ ಒಪ್ಪುವವರೆಗೆ ಮುಂಗಡವನ್ನೂ ಕೊಡಬೇಡಿ. ಈ ನಡುವೆ ಮಗ ಬೋಧಕರ ಜೊತೆ ಅಂಥದೇ ವಿಮಾನದಲ್ಲಿ ಐದು ಗಂಟೆ ಹಾರಲಿ. ತನಗೆ ಅದು ಒಗ್ಗುತ್ತದೆಯೇ ಎಂಬುದು ಅವನಿಗೇ ತಿಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಹಾಗೆಯೇ ಮಾಡಲು ಹೇಳಿದ್ದೇನೆ. ಬೋಧಕರ ಶುಲ್ಕವನ್ನೂ ವಕೀಲರ ಶುಲ್ಕವನ್ನೂ ನಾನೇ ಕೊಡುತ್ತೇನೆ. ಠೇವಣಿಯ ಅವಧಿ ದೀಪಾವಳಿಗೆ ಮುಗಿಯುತ್ತದೆ. ಅಷ್ಟರೊಳಗೆ ಮೆಕ್ಯಾನಿಕ್‌ನ ವರದಿ ಬಂದರೆ ಇಲ್ಲಿ ಹಾಕುತ್ತೇನೆ, ಚಿತ್ರದುರ್ಗದವರು ದಯವಿಟ್ಟು ಅದನ್ನೊಮ್ಮೆ ನೋಡಬೇಕು. ಅವನ ತಾಯಿ ಆ ವಿಮಾನ ಕಟ್ಟುವಾಗ ತೆಗೆದ ಚಿತ್ರಗಳನ್ನು ನಿನ್ನೆ ಸಂಜೆ ಒಂದೊಂದಾಗಿ ನೋಡಿದಳು, ಆ ಹಿರಿಯರ ಕೈಕೆಲಸ ಅಚ್ಚುಕಟ್ಟಾಗಿದೆ ಎಂದಳು.