ಕಾಫಿ ಪಲ್ಪಿಂಗ್ ನೀರು ಹಳ್ಳಕ್ಕೆ: ಮಾಹಿತಿ ಹಕ್ಕಿನಿಂದ ಪ್ರಯೋಜನವಿದೆಯೇ?

ಪ್ರಶ್ನೆ (ಮೂಡಿಗೆರೆ ಗದ್ದೆಯವನು):
ಡಿಸೆಂಬರ್ ಬಂತೆಂದರೆ ನಮ್ಮ ಹಳ್ಳದ ನೀರು ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಮೇಲಿನ ತೋಟದವರು ಅರೇಬಿಕಾ ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ (ಪಲ್ಪಿಂಗ್) ನೀರನ್ನು ರಾತ್ರಿ ಹತ್ತರ ಮೇಲೆ ಬಿಡುತ್ತಾರೆ. ಬೆಳಿಗ್ಗೆ ಹುಳಿ ವಾಸನೆ. ಹಸು ಮೂತಿ ತಾಗಿಸಿ ಹಿಂದೆ ಸರಿಯುತ್ತದೆ. ದೂರು ಕೊಟ್ಟರೆ ‘ಪರಿಶೀಲಿಸುತ್ತೇವೆ’ ಎಂಬ ಒಂದೇ ಸಾಲು. ಮಾಹಿತಿ ಹಕ್ಕಿನ ಅರ್ಜಿಗೆ ಕಾಗದ ಬರಬಹುದು, ಸರಿ. ಕಾಗದದಿಂದ ಹಳ್ಳ ತಿಳಿಯಾಗುತ್ತದೆಯೇ?

ಉತ್ತರ (ಸಕಲೇಶಪುರ, ನಿವೃತ್ತ ಗುಮಾಸ್ತ):
‘ಏನು ಕ್ರಮ ಕೈಗೊಂಡಿರಿ’ ಎಂದು ಕೇಳಬೇಡಿ, ಜಾರಿಕೊಳ್ಳುತ್ತಾರೆ. ಈ ಆಟವನ್ನು ನಾನೇ ಆಡಿದ್ದೇನೆ! ದಾಖಲೆ ಕೇಳಿ: ನೀರು ಬಿಡಲು ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಸಮ್ಮತಿ ಪತ್ರದ ಷರತ್ತುಗಳು, ನೀರಿನ ಪರೀಕ್ಷಾ ವರದಿ, ತಪಾಸಣಾ ಟಿಪ್ಪಣಿ. ಶುಲ್ಕ 10 ರೂಪಾಯಿ, ಗಡುವು 30 ದಿನ. 1974ರ ಜಲ ಕಾಯ್ದೆಯ 25ನೇ ಕಲಮಿನ ಪ್ರಕಾರ, ಹೊರಬಿಡುವ ನೀರಿನ ಷರತ್ತುಗಳ ವಹಿಯನ್ನು ಬಾಧಿತರು ಮಂಡಳಿಯಲ್ಲಿ ನೋಡಲೂಬಹುದು. ಸಿಕ್ಕಿದ್ದನ್ನು ಕಪಾಟಿನಲ್ಲಿಡದೆ ಗ್ರಾಮಸಭೆಯಲ್ಲಿ ಓದಿ.

ಉತ್ತರ (ಬಾಳೆಹೊನ್ನೂರು):
ಮಾಹಿತಿ ಬಹಿರಂಗವಾದರೆ ಅದಕ್ಕೂ ಬಲವಿದೆ. ಇಂಡೋನೇಷ್ಯಾದಲ್ಲಿ 1995ರಲ್ಲಿ ಶುರುವಾದ ಪದ್ಧತಿಯಲ್ಲಿ, ಮಾಲಿನ್ಯ ತಡೆಯುವುದರಲ್ಲಿ ಕಾರ್ಖಾನೆ ಹೇಗಿದೆ ಎಂದು ನೋಡಿ ಅದಕ್ಕೊಂದು ಬಣ್ಣದ ದರ್ಜೆ ಕೊಟ್ಟು ಪ್ರಕಟಿಸುತ್ತಾರೆ. ಚಿನ್ನದ ಬಣ್ಣ ಅತ್ಯುತ್ತಮ, ಕಪ್ಪು ಅತಿ ಕೆಟ್ಟದ್ದು. ದಂಡವನ್ನು ಕಟ್ಟಿ ಮರೆಯಬಹುದು, ಕಪ್ಪು ಹಣೆಪಟ್ಟಿಯನ್ನು ಮರೆಮಾಚುವುದು ಕಷ್ಟ. ಹೊರದೇಶಕ್ಕೆ ಕಾಫಿ ಮಾರುವವರಿಗಂತೂ ಹೆಸರೇ ಬಂಡವಾಳ.

ಪ್ರಶ್ನೆ ಕೇಳಿದವನು:
ಬಣ್ಣ ಕೊಡುವವರು ಯಾರು, ಮೇಲಿನ ತೋಟದ ಭಾವಮೈದುನನೇ? ಇರಲಿ. ಅರ್ಜಿ ಬರೆದಿದ್ದೇನೆ, ನಾಳೆ ಅಂಚೆಗೆ ಹಾಕುತ್ತೇನೆ.