ಪದಚರ್ಚೆ: ‘ನಾಮಿನೇಟಿಂಗ್ ಕನ್ವೆನ್ಷನ್’ – ಸಂಜೆಯೊಳಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಪಕ್ಷಗಳು ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಗೊತ್ತುಮಾಡುವ ‘ನಾಮಿನೇಟಿಂಗ್ ಕನ್ವೆನ್ಷನ್’ ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಪುಟ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಡೆಮಾಕ್ರಟಿಕ್ ಪಕ್ಷದ ಎರಡು ಚಿತ್ರಗಳಿವೆ: 1924ರ ನ್ಯೂಯಾರ್ಕ್, 2024ರ ಷಿಕಾಗೊ. ಎರಡರ ಅಡಿಬರಹಕ್ಕೂ ಒಂದೇ ಪದ ಬೇಕು, ಅದು ಒಂದು ಕಾಲಮ್ಮಿನ ಅಗಲದಲ್ಲಿ ಹಿಡಿಯಬೇಕು.

‘ನಾಮನಿರ್ದೇಶನ ಸಮಾವೇಶ’ ಎಂದು ಬರೆದಿದ್ದೆ. “ನಾಮನಿರ್ದೇಶನ ಎಂದರೆ ಮೇಲ್ಮನೆಗೆ ಸದಸ್ಯರನ್ನು ನೇಮಿಸುವುದು, ಸಮಾವೇಶ ಎಂದರೆ ಬಸ್ಸಿನಲ್ಲಿ ಜನ ತುಂಬಿಸಿ ತರುವುದು” ಎಂದು ಸಂಪಾದಕರು ಕೆಂಪು ಗೆರೆ ಎಳೆದಿದ್ದಾರೆ. ಬಲ್ಲವರು ತಿಳಿಸಿ.

ಮರು:

ಅಧಿವೇಶನ. ಚರ್ಚಿಸುವುದಕ್ಕೆ ಏನಿದೆ? ಅದೇ 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದದ್ದು ಕಾಂಗ್ರೆಸ್ ಅಧಿವೇಶನ.

ಮರು:

ಬೆಳಗಾವಿಯಲ್ಲಿ ಯಾರಿಗೂ ಟಿಕೆಟ್ ಹಂಚಲಿಲ್ಲ. ಇಂದಿನ ಓದುಗನಿಗೆ ಅಧಿವೇಶನ ಎಂದರೆ ವಿಧಾನಸಭೆಯದು. ‘ಅಭ್ಯರ್ಥಿ’ಯೂ ಬೇಡ, ಅದರ ಧಾತುವಿನಲ್ಲೇ ಬೇಡುವ ಅರ್ಥವಿದೆ, ಕೈಚಾಚಿ ನಿಂತವನ ಪದ ಅದು. ಪತ್ರಿಕೆಗಳೇ ಬಳಸುವ ‘ಹುರಿಯಾಳು’ ಇರುವಾಗ ಸಂಸ್ಕೃತದ ಮನೆಬಾಗಿಲಿಗೆ ಏಕೆ ಹೋಗಬೇಕು? ‘ಹುರಿಯಾಳು ಆಯ್ಕೆಕೂಟ’ ಎನ್ನಿ.

ಮರು:

ಆಯ್ಕೆ ಅಲ್ಲಿ ಈಗ ಎಲ್ಲಿ ನಡೆಯುತ್ತದೆ ಸ್ವಾಮಿ? ಪದಕ್ಕೆ ಮೊದಲು ಪದಾರ್ಥ ನೋಡಿ.

ಮೊದಲು ಸಂಸದರ ಗುಂಪೇ ಒಳಗೊಳಗೆ ಹೆಸರು ನಿಶ್ಚಯಿಸುತ್ತಿತ್ತು. 1831ರಲ್ಲಿ ಆ್ಯಂಟಿ-ಮೇಸಾನಿಕ್ ಎಂಬ ಸಣ್ಣ ಪಕ್ಷ ಬಾಲ್ಟಿಮೋರ್‌ನಲ್ಲಿ ಪ್ರತಿನಿಧಿಗಳನ್ನು ಕೂಡಿಸಿತು, ದೊಡ್ಡ ಪಕ್ಷಗಳು ಅದೇ ದಾರಿ ಹಿಡಿದವು. 1924ರದು ನಿಜವಾದ ಆಯ್ಕೆ. ಮೂರನೇ ಎರಡು ಭಾಗ ಮತ ಬೇಕಿತ್ತು, ಮುಂಚೂಣಿಯಲ್ಲಿದ್ದ ಇಬ್ಬರು, ಮ್ಯಾಕಡೂ ಮತ್ತು ಸ್ಮಿತ್, ಇವರ ಬಣಗಳು ಜಗ್ಗಲಿಲ್ಲ. ಅಕಾರಾದಿಯಲ್ಲಿ ಮೊದಲು ಬರುವ ಅಲಬಾಮಾ ರಾಜ್ಯ ಸುತ್ತು ಸುತ್ತಿಗೂ ಎದ್ದುನಿಂತು, ತನ್ನ 24 ಮತ ತನ್ನದೇ ಸೆನೆಟರ್ ಅಂಡರ್‌ವುಡ್‌ಗೆ ಎಂದು ಎಳೆದು ಎಳೆದು ಕೂಗುತ್ತಿತ್ತು. ರೇಡಿಯೊ ಕೇಳುತ್ತಿದ್ದ ಜನರಿಗೆ ಅದು ಬಾಯಿಪಾಠವಾಯಿತು. ಕೊನೆಗೆ 103ನೆಯ ಸುತ್ತಿನಲ್ಲಿ ಗೆದ್ದವರು ಇಬ್ಬರೂ ಅಲ್ಲ, ಜಾನ್ ಡೇವಿಸ್.

ಒಂದಕ್ಕಿಂತ ಹೆಚ್ಚು ಸುತ್ತು ಬೇಕಾದದ್ದು 1952ರಲ್ಲೇ ಕೊನೆ. 1968ರಲ್ಲಿ ಒಂದು ಪ್ರೈಮರಿಯಲ್ಲೂ (ಪಕ್ಷದ ಅಭ್ಯರ್ಥಿ ಯಾರೆಂದು ರಾಜ್ಯಗಳಲ್ಲಿ ಜನರೇ ಮತ ಹಾಕುವ ಚುನಾವಣೆ) ಸ್ಪರ್ಧಿಸದ ಉಪಾಧ್ಯಕ್ಷ ಹಂಫ್ರಿ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಅದು ನಡೆದ ಷಿಕಾಗೊದ ಬೀದಿಯಲ್ಲಿ ಪ್ರತಿಭಟಿಸಿದವರಿಗೆ ಲಾಠಿ, ಒಳಗೆ ಕೂಗಾಟ. ಆಮೇಲೆ ನಿಯಮ ಬದಲಾಗಿ 1972ರಿಂದ ತೀರ್ಮಾನ ಪ್ರೈಮರಿಗಳ ಪಾಲಾಯಿತು. 2024ರಲ್ಲಂತೂ ಬೈಡನ್ ಹಿಂದೆ ಸರಿದ ಮೇಲೆ ಆಗಸ್ಟ್ ಮೊದಲ ವಾರದಲ್ಲೇ ಪ್ರತಿನಿಧಿಗಳು ಆನ್‌ಲೈನ್‌ನಲ್ಲಿ ಹ್ಯಾರಿಸ್‌ಗೆ ಮತ ಹಾಕಿ ಮುಗಿಸಿದ್ದರು. 19ರಂದು ಷಿಕಾಗೊದಲ್ಲಿ ಆರಂಭವಾದದ್ದು ಉತ್ಸವ. ಮದುವೆ ಮುಗಿದಿತ್ತು, ಉಳಿದದ್ದು ಆರತಕ್ಷತೆ.

ಹಾಗಾಗಿ ಎರಡು ಪದ: 1924ಕ್ಕೆ ‘ಅಭ್ಯರ್ಥಿ ಆಯ್ಕೆ ಅಧಿವೇಶನ’, 2024ಕ್ಕೆ ‘ಅಭ್ಯರ್ಥಿ ಘೋಷಣಾ ಅಧಿವೇಶನ’.

ಮರು:

ಆಗಲೂ ಅಧಿವೇಶನವೇ! ಅಂದಹಾಗೆ ‘ಪ್ರೈಮರಿ’ ಎಂದು ಹಾಗೆಯೇ ಬಿಟ್ಟಿದ್ದೀರಿ, ಕನ್ನಡ ಬಡವಾಗಿದೆಯೇ?

ಮರು:

ಪ್ರಾಥಮಿಕ ಚುನಾವಣೆ ಎಂದರೆ ಶಾಲೆಯ ಚುನಾವಣೆ ಎಂದುಕೊಳ್ಳುತ್ತಾರೆ, ಬಿಟ್ಟೆ. ಇನ್ನು ನಿಮ್ಮ ಕೂಟವೂ ಸಂಸ್ಕೃತವೇ. ಚಿತ್ರಕೂಟ ಕೇಳಿಲ್ಲವೇ?

ಮರು:

ಅಜ್ಞಾನ. ನೋಡು–ನೋಟ, ಆಡು–ಆಟ, ಕೂಡು–ಕೂಟ. ಚಿತ್ರಕೂಟದ ಕೂಟ ಶಿಖರ, ಅದು ಬೇರೆ.

ಮರು:

ಇಬ್ಬರೂ ನಿಲ್ಲಿಸಿ. ನಮ್ಮ ಅಜ್ಜ ಚುನಾವಣೆಗೆ ನಿಂತಾಗ ‘ಉಮೇದುವಾರ’ರಾಗಿದ್ದರು. ಉಮೇದು ಎಂದರೆ ಆಸೆ. ಟಿಕೆಟ್‌ಗೆ ಕಾದವರಿಗೆ ಇದಕ್ಕಿಂತ ಒಪ್ಪುವ ಪದವಿಲ್ಲ. ಪಾರಸಿ ಎಂದು ಹುಬ್ಬು ಗಂಟಿಕ್ಕುವವರು ಮೊದಲು ಅರ್ಜಿ, ಜಿಲ್ಲೆಗಳನ್ನು ಹಿಂದಿರುಗಿಸಲಿ.

ಮರು:

ಹಿಂದಿರುಗಿಸೋಣ. ಪಟ್ಟಿ ಕಳುಹಿಸುತ್ತೇನೆ.

ಮರು:

ಎಲ್ಲರಿಗೂ ಧನ್ಯವಾದ, ಪಟ್ಟಿ ಬರುವ ಮೊದಲೇ ಪುಟ ಹೋಯಿತು. ‘ಆಯ್ಕೆ’, ‘ಘೋಷಣಾ’ ಎರಡೂ ಪದಗಳನ್ನು ಕೊಟ್ಟಿದ್ದೆ. ಕಾಲಮ್ಮಿನಲ್ಲಿ ಹಿಡಿಯಲಿಲ್ಲವೆಂದು ಸಂಪಾದಕರು ಎರಡರ ಕೆಳಗೂ ‘ಪಕ್ಷದ ಅಧಿವೇಶನ’ ಎಂದಷ್ಟೇ ಉಳಿಸಿದ್ದಾರೆ.

ಮುಂದಿನ ಕಂತಿಗೆ ‘ರೋಲ್ ಕಾಲ್’ಗೆ ಪದ ಬೇಕು, ಅಲಬಾಮಾದವರು ಎದ್ದು ಕೂಗುವುದಕ್ಕೆ. ದಯವಿಟ್ಟು ‘ಹಾಜರಿ’ ಎನ್ನಬೇಡಿ.